ಝಾರ್ ಚಕ್ರವರ್ತಿಗೆ ಚನ್ನಪಟ್ಟಣದಿಂದ ಒಬ್ಬ ಮಂತ್ರಿ

ಹೋದ ವಾರ ನಮ್ಮ ಆಟಕ್ಕೆ ಹೊಸದಾಗಿ ಸೇರಿದ ಕಾಲೇಜು ಹುಡುಗರು ಗ್ರೂಪಿನಲ್ಲಿ ಒಂದು ಪ್ರಶ್ನೆ ಹಾಕಿದ್ದರು. "ಮಧು ಅಣ್ಣ, ರಷ್ಯಾದ ವಿದೇಶಾಂಗ ಮಂತ್ರಿ ಕೆಲ್ಸ ಹೆಂಗಿರ್ತದೆ? ಏನೇನ್ ಓದ್ಕಂಡ್ ಬರ್ಬೇಕು?" ನಾನು ಬೇಕಾದಷ್ಟು ಓದಿಕೊಂಡೇ ಬಂದವನು. ಅದರಿಂದ ಏನೇನಾಯಿತು ಅನ್ನುವುದನ್ನು ಒಂದು ಮೆಸೇಜಿನಲ್ಲಿ ಹೇಳಿ ಮುಗಿಸೋಣ ಅಂತ ಕೂತೆ. ಹೆಬ್ಬೆರಳು ನಿಲ್ಲಲಿಲ್ಲ, ಇಷ್ಟುದ್ದ ಆಯಿತು.

ನನಗೆ ಇಪ್ಪತ್ತಾರು ವಯಸ್ಸು. ಹಗಲು ಹೊತ್ತು ಹೈವೇ ಪಕ್ಕದ ಅಂಗಡಿಯಲ್ಲಿ ಮರದ ಬೊಂಬೆ ಮಾರುತ್ತೇನೆ. ಭಾನುವಾರ ಮಧ್ಯಾಹ್ನಗಳಲ್ಲಿ ಮಾತ್ರ, ಸುಮಾರು ಮೂರು ವರ್ಷ, ರಷ್ಯಾ ಸಾಮ್ರಾಜ್ಯದ ವಿದೇಶಾಂಗ ಮಂತ್ರಿಯಾಗಿದ್ದೆ. ಈಗ ನಿವೃತ್ತ. ಪಿಂಚಣಿ ಇಲ್ಲ, ಶಾಲು ಹೊದಿಸಲಿಲ್ಲ, ಮೈಸೂರು ಪೇಟ ತೊಡಿಸಲಿಲ್ಲ. ಮನೆಗೆ ಬಂದು ಅಮ್ಮನಿಗೆ "ರಿಟೈರ್ ಆದೆ ಕಣಮ್ಮ" ಅಂದರೆ, ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ "ಸೇರ್ಕಂಡಿದ್ದು ಯಾವಾಗಪ್ಪ?" ಅಂದರು.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮ ಚರಿತ್ರೆಯಲ್ಲಿ ರಷ್ಯಾದ ಕ್ರಾಂತಿ ಗೆಲ್ಲಲಿಲ್ಲ. ರಾಜಧಾನಿಯ ಜನ ರೊಟ್ಟಿಗಾಗಿ ಬೀದಿಗಿಳಿದಾಗ ಧಾನ್ಯದ ರೈಲುಗಳು ಸರಿಯಾದ ಹೊತ್ತಿಗೆ ಬಂದವು, ಸೈನಿಕರು ಬಂದೂಕು ಪಕ್ಕಕ್ಕಿಟ್ಟು ರೊಟ್ಟಿ ಹಂಚಿದರು, ಝಾರ್ ದೊರೆ ಹಲ್ಲು ಕಚ್ಚಿಕೊಂಡು ಪಾರ್ಲಿಮೆಂಟಿಗೆ ಅರ್ಧ ಅಧಿಕಾರ ಬಿಟ್ಟುಕೊಟ್ಟ. ಸಿಂಹಾಸನ ಉಳಿಯಿತು. ಜರ್ಮನಿಯ ಚಕ್ರವರ್ತಿ ಕೈಸರ್ ಕೂಡ ಉಳಿದ. ಅಷ್ಟು ಬದಲಾದರೆ ಆಮೇಲೆ ಪ್ರಪಂಚ ಏನಾಗುತ್ತಿತ್ತು? ಅದನ್ನು ಆಡಿ ನೋಡುವುದೇ ನಮ್ಮ ಆಟ. ಒಂದೊಂದು ದೇಶಕ್ಕೆ ಒಬ್ಬ ದೊರೆ, ಒಬ್ಬ ವಿದೇಶಾಂಗ ಮಂತ್ರಿ. ದೊರೆ ಚಾಪೆಯ ಮೇಲೆ ಕೂತು ತೀರ್ಮಾನ ಮಾಡುತ್ತಾನೆ. ಮಂತ್ರಿ ಬೇರೆಯವರ ಚಾಪೆಗೆ ಹೋಗಿ ಮಾತಾಡುತ್ತಾನೆ, ಅಲ್ಲೂ ಬೈಸಿಕೊಂಡು ಬಂದು ಇಲ್ಲೂ ಬೈಸಿಕೊಳ್ಳುತ್ತಾನೆ.

ಜಾಗ, ನಮ್ಮ ಇಮ್ರಾನ್‌ನ ಬೊಂಬೆ ಕಾರ್ಖಾನೆಯ ಮಹಡಿ. ಕೆಳಗೆ ಮರ ತಿರುಗಿಸುವ ಲೇತು, ಮೇಲೆ ಯುರೋಪು. ಯಾರೋ ನಾಯಕರ ಹುಟ್ಟುಹಬ್ಬದ ಹಳೆಯ ಫ್ಲೆಕ್ಸನ್ನು ಮಗುಚಿ ಹಾಕಿ ಅದರ ಬೆನ್ನಿನ ಮೇಲೆ ಭೂಪಟ ಬರೆದಿದ್ದೆವು. ಕಿಟಕಿಯಿಂದ ಬಿಸಿಲು ಬಿದ್ದರೆ ಸೈಬೀರಿಯಾದ ನಡುಮಧ್ಯೆ ಆ ನಾಯಕರ ಮೀಸೆ ಮೂಡುತ್ತಿತ್ತು. ಸೈನ್ಯ ಅಂದರೆ ಬಣ್ಣ ಸರಿಯಾಗಿ ಕೂರದ ಬುಗುರಿಗಳು. ನೌಕಾಪಡೆ ಅಂದರೆ ಗಿಲಕಿಗಳು. ಗಿಲಕಿ ಸದ್ದು ಮಾಡದೆ ಚಲಿಸುವುದಿಲ್ಲ ಅನ್ನುವುದನ್ನು ನಮ್ಮ ಯುದ್ಧತಂತ್ರಜ್ಞರು ಯಾರೂ ಯೋಚಿಸಿರಲಿಲ್ಲ. ಬಾಲ್ಟಿಕ್ ಸಮುದ್ರದಲ್ಲಿ ಗುಟ್ಟಾಗಿ ಹಡಗು ಸಾಗಿಸೋಣ ಅಂತ ನಾನೊಮ್ಮೆ ಗಿಲಕಿಯನ್ನು ಕರ್ಚೀಫಿನಲ್ಲಿ ಸುತ್ತಿ ಮೆಲ್ಲಗೆ ತಳ್ಳಿದೆ. ಇಂಗ್ಲೆಂಡ್ ಆಡುತ್ತಿದ್ದ ಇಮ್ರಾನ್ ತಲೆ ಎತ್ತದೆಯೇ, "ರಷ್ಯಾದವ್ರ ಮಗು ಎದ್ದಂಗೈತೆ, ಯಾರಾದ್ರೂ ಒಸಿ ಹಾಲು ಕೊಡ್ರಪ್ಪ" ಅಂದ.

ನಾನು ಈ ವಿದ್ಯೆ ಕಲಿತದ್ದು ಫೋನಿನಲ್ಲಿ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ. ರಾಜತಂತ್ರದ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಮೊದಲ ಭಾನುವಾರವೇ ಎದ್ದು ನಿಂತು, ಕಪ್ಪು ಸಮುದ್ರ ರಷ್ಯಾದ ಉಸಿರು ಅಂತ ಭಾಷಣ ಶುರು ಮಾಡಿದೆ. ಕೈಯಲ್ಲಿದ್ದ ಕೋಲು ಕ್ಯಾಸ್ಪಿಯನ್ ಮೇಲಿತ್ತು. ಜರ್ಮನಿಯ ಮಂತ್ರಿ ರೇಖಾ, ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ ಹತ್ತಿರ ಝೆರಾಕ್ಸ್ ಅಂಗಡಿ ನೋಡಿಕೊಳ್ಳುವವಳು, ಪೂರ್ತಿ ಭಾಷಣ ಮುಗಿಯುವವರೆಗೂ ಕಾದಳು. ಆಮೇಲೆ, "ತುಂಬ ಚೆನ್ನಾಗಿತ್ತು ಮಧು. ಈಗ ಉಸಿರನ್ನ ಒಸಿ ಎಡಗಡೆಗೆ ಸರಿಸ್ಕೊ" ಅಂದಳು.

ಎರಡನೇ ಅನಾಹುತಕ್ಕೆ ನನ್ನ ಅಂಗಡಿ ಬುದ್ಧಿಯೇ ಕಾರಣ. ಹೈವೇಯಲ್ಲಿ ಬೊಂಬೆ ಮಾರುವವರ ಕ್ರಮ ನಿಮಗೆ ಗೊತ್ತು. ಎರಡರಷ್ಟು ಹೇಳುವುದು, ಗಿರಾಕಿ ಕಾರಿನ ತನಕ ಹೋಗುವುದು, ನಾವು ಕೂಗಿ ಕರೆಯುವುದು, ಇಬ್ಬರೂ ಗೆದ್ದೆವು ಅಂತ ನಗುವುದು. ಶಾಂತಿ ಸಮ್ಮೇಳನದಲ್ಲೂ ಹಾಗೇ ಮಾಡಿದೆ. ನಮಗೆ ಬೇಕಾಗಿದ್ದದ್ದು ತುರ್ಕಿಯ ಜಲಸಂಧಿಯಲ್ಲಿ ನಮ್ಮ ವ್ಯಾಪಾರದ ಹಡಗಿಗೆ ದಾರಿ, ಅಷ್ಟೇ. ನಾನು ಜಲಸಂಧಿ, ಅದರ ಎರಡೂ ದಡ, ಜೊತೆಗೆ ಇಸ್ತಾಂಬುಲ್ ಬೇಕು ಅಂದೆ. ಇಮ್ರಾನ್ ಚೌಕಾಸಿ ಮಾಡುತ್ತಾನೆ ಅಂತ ಕಾದೆ.

"ಆಯ್ತು, ತಗೋ" ಅಂದ ಇಮ್ರಾನ್.

"ಏನು, ಎಲ್ಲಾನೂ?"

"ಎಲ್ಲಾನೂ. ಪ್ಯಾಕ್ ಮಾಡ್ಲಾ?"

ಮಧ್ಯಾಹ್ನ ಮುಗಿಯುವಷ್ಟರಲ್ಲಿ ತುರ್ಕಿ, ಆಸ್ಟ್ರಿಯಾ ಎರಡೂ ನಮ್ಮ ಮೇಲೆ ಬಿದ್ದವು. ಕೊಟ್ಟ ಇಂಗ್ಲೆಂಡ್ ಕಿರುಬೆರಳು ಎತ್ತಿಕೊಂಡು ಟೀ ಕುಡಿಯುತ್ತಿತ್ತು. ಯಾರಾದರೂ ಚೌಕಾಸಿ ಮಾಡದೆ ಕೊಟ್ಟರೆ ಕೈ ಹಿಂದಕ್ಕೆ ಎಳೆದುಕೊಳ್ಳಿ ಅನ್ನುವ ಪಾಠ ನನಗೆ ಆವತ್ತು ಸಿಕ್ಕಿತು. ಅಂಗಡಿಯಲ್ಲಿ ಅದು ಇವತ್ತಿಗೂ ಉಪಯೋಗಕ್ಕೆ ಬಂದಿಲ್ಲ, ಅಲ್ಲಿ ಎಲ್ಲರೂ ಚೌಕಾಸಿ ಮಾಡುತ್ತಾರೆ.

ನಾನು ಸೇರಿದಾಗ ಆಜ್ಞೆಗಳನ್ನು ಚೀಟಿಯಲ್ಲಿ ಬರೆದು ಸ್ಟೀಲ್ ಟಿಫನ್ ಡಬ್ಬಿಗೆ ಹಾಕುತ್ತಿದ್ದೆವು. ಫ್ರಾನ್ಸ್ ಆಡುತ್ತಿದ್ದವನು ಮಾಗಡಿ ಕಡೆಯ ಕೆಂಪಾಪುರದಿಂದ ಬರಬೇಕಾಗಿತ್ತು, ಬಸ್ಸು ತಪ್ಪಿದ ದಿನ ಪ್ಯಾರಿಸ್ ಯಾವ ಯುದ್ಧಕ್ಕೂ ಸಿಗುತ್ತಿರಲಿಲ್ಲ. ಅದಕ್ಕೇ ವಾಟ್ಸಾಪಿಗೆ ಬಂದೆವು. ಹೊಸ ಪದ್ಧತಿ ಬಂದ ಮೊದಲ ವಾರವೇ ನಾನು ನಮ್ಮ ಅತ್ತೆಗೆ ಕಳಿಸಬೇಕಾಗಿದ್ದ ಶುಭೋದಯದ ಗುಲಾಬಿ ಹೂವನ್ನು ಮಹಾಶಕ್ತಿಗಳ ಗ್ರೂಪಿಗೆ ಹಾಕಿ, ನಾಚಿಕೆಯಾಗಿ ಅಳಿಸಿದೆ. ಮೆಸೇಜ್ ಅಳಿಸಲಾಗಿದೆ ಅನ್ನುವ ಗುರುತು ಮಾತ್ರ ಉಳಿಯಿತು. ರಷ್ಯಾ ಬೆಳಗ್ಗೆ ಬೆಳಗ್ಗೆ ಏನನ್ನೋ ಬಚ್ಚಿಡುತ್ತಿದೆ ಅಂತ ಆಸ್ಟ್ರಿಯಾ ಗಡಿಗೆ ಬುಗುರಿ ತಂದು ನಿಲ್ಲಿಸಿತು. ಗುಲಾಬಿ ಹೂವು ಅಂದರೆ ಯಾರೂ ನಂಬಲಿಲ್ಲ.

ಇನ್ನು ನನ್ನ ಮೇಲಧಿಕಾರಿ. ನಮ್ಮ ಝಾರ್ ದೊರೆ ಮಾದೇವಣ್ಣ. ದೊಡ್ಡಮಳೂರಿನ ಆಚೆ ಅವರ ಊರು. ಹಿಪ್ಪುನೇರಳೆ ತೋಟ, ರೇಷ್ಮೆಹುಳ, ಎರಡು ಹಸು. ಐವತ್ತರ ಹತ್ತಿರದ ವಯಸ್ಸು, ಹಣೆ ತುಂಬ ವಿಭೂತಿ, ಮಹಾಯುದ್ಧದ ಬಗ್ಗೆ ಎಲ್ಲಿ ಏನು ಸಿಕ್ಕಿದರೂ ಓದುವ ಚಟ. ಒಮ್ಮೆ ಮೊಮ್ಮಗುವಿಗೆ ತಳ್ಳುಗಾಡಿ ಮಾಡಿಸಲು ಇಮ್ರಾನ್ ಹತ್ತಿರ ಬಂದವರು ಮಹಡಿಯ ಗಲಾಟೆ ಕೇಳಿ ಹತ್ತಿ ಬಂದರು, ಇಳಿಯಲೇ ಇಲ್ಲ. ಅವರು ಯಾವತ್ತೂ "ಆಗಲಿ" ಅಂದವರಲ್ಲ, "ಬೇಡ" ಅಂದವರೂ ಅಲ್ಲ. ಏನು ಕೇಳಿದರೂ "ನೋಡಾನ" ಅಷ್ಟೇ. ಫ್ರಾನ್ಸ್ ಜೊತೆ ಒಪ್ಪಂದ ಮಾಡಿಕೊಳ್ಳೋಣವಾ ಅಣ್ಣ? ನೋಡಾನ. ಮಾಡಿಕೊಂಡು ಬಂದರೆ, "ನೋಡಾನ ಅಂದಿದ್ದೆ ತಾನೆ, ನೋಡುದ್ನಾ ನಾನು?" ಮಾಡದೆ ಬಂದರೆ, "ಅಷ್ಟೂ ಗೊತ್ತಾಗಲ್ವಾ ನಿಂಗೆ, ಎಲ್ಲಾ ನಾನೇ ಹೇಳ್ಬೇಕಾ?"

ಜರ್ಮನಿಯ ಕೈಸರ್ ರುದ್ರಣ್ಣ, ಇದೇ ಮಾದೇವಣ್ಣನ ಚಿಕ್ಕಪ್ಪನ ಮಗ. ತಳ್ಳುಗಾಡಿಯ ದಿನ ಇಬ್ಬರೂ ಒಟ್ಟಿಗೇ ಆಟಕ್ಕೆ ಸೇರಿದ್ದು, ಒಂದೇ ಬೈಕಿನಲ್ಲಿ ಬರುತ್ತಿದ್ದದ್ದು. ಆಮೇಲೆ ಊರಲ್ಲಿ ಜಗಳವಾಯಿತು. ತೋಟ ಭಾಗವಾದಾಗ ಗಾಡಿ ದಾರಿ ಮಾದೇವಣ್ಣನ ಪಾಲಿಗೆ ಬಂದಿತ್ತು, ರುದ್ರಣ್ಣನ ತೋಟ ಅದರ ಹಿಂದೆ ಸಿಕ್ಕಿಕೊಂಡಿತ್ತು. ಒಂದು ದಿನ ದಾರಿಯಲ್ಲಿದ್ದ ನೀರಿನ ಪೈಪು ಒಡೆಯಿತು. ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ತರುವ ರುದ್ರಣ್ಣನ ಟೆಂಪೋ ಹತ್ತಿ ಒಡೆಯಿತು ಅಂತ ಇವರು, ಅಲ್ಲ ಅಂತ ಅವರು. ನಾಲ್ಕು ಜನರ ಮುಂದೆ ಮಾತು ಬೆಳೆಯಿತು. ಮಾದೇವಣ್ಣ ದಾರಿಗೆ ಗೇಟು ನಿಲ್ಲಿಸಿ ಬೀಗ ಹಾಕಿದರು. ಅವತ್ತಿಂದ ಇಬ್ಬರೂ ಮಾತು ಬಿಟ್ಟರು.

ನಮ್ಮ ಕಡೆ ಮಾತು ಬಿಟ್ಟವರು ಮಾತಾಡುವುದನ್ನೇನೂ ಬಿಡುವುದಿಲ್ಲ. ಎದುರಿಗೇ ಕೂತಿರುತ್ತಾರೆ, ನಡುವೆ ಒಬ್ಬ ಮೂರನೆಯವನಿಗೆ ಹೇಳುತ್ತಾರೆ, ಅವನು ಅದನ್ನೇ ಇನ್ನೊಬ್ಬರಿಗೆ ಹೇಳಬೇಕು. ಮನೆಗಳಲ್ಲಿ ಮಕ್ಕಳು, ಸೊಸೆಯರು, ಯಾರೂ ಇಲ್ಲದಿದ್ದರೆ ಕಟ್ಟಿಹಾಕಿದ ಹಸುವಾದರೂ ಈ ಕೆಲಸ ಮಾಡುತ್ತದೆ. ಆಟ ಬಿಟ್ಟು ಹೋದರೆ ಸೋತಂತೆ ಅಂತ ಇಬ್ಬರೂ ಭಾನುವಾರ ತಪ್ಪಿಸಲಿಲ್ಲ. ಬೇರೆ ಬೇರೆ ಬೈಕಿನಲ್ಲಿ ಬಂದು, ಭೂಪಟದ ಎರಡು ಬದಿಗೆ ಅರ್ಧ ಬೆನ್ನು ತಿರುಗಿಸಿ ಕೂರುತ್ತಿದ್ದರು. ಆ ಹಸುವಿನ ಜಾಗಕ್ಕೆ ನಾನು ಮತ್ತು ರೇಖಾ ಬಂದೆವು.

"ಬರ್ಲಿನ್ನವ್ರಿಗೆ ಹೇಳಪ್ಪ, ಗಡಿಯಿಂದ ಬುಗುರಿ ತೆಗೀಬೇಕಂತೆ ಅಂತ." ಮಾದೇವಣ್ಣ ಅಂದದ್ದನ್ನು ನಾನು ಒಂದು ಮೊಳ ಆಚೆ ತಿರುಗಿ ಹೇಳುತ್ತಿದ್ದೆ. ನಾನು ಬಾಯಿ ಮುಚ್ಚುವ ಮೊದಲೇ ರುದ್ರಣ್ಣ ರೇಖಾಗೆ, "ತೆಗೆಯಲ್ವಂತೆ ಅಂತ ಹೇಳವ್ವ" ಅನ್ನುತ್ತಿದ್ದರು. ಮೊದಮೊದಲು ನನಗೆ ಮಹಾ ಗತ್ತು ಬಂದಿತ್ತು. ಇಬ್ಬರು ಚಕ್ರವರ್ತಿಗಳ ನಡುವಿನ ಒಂದೇ ಸೇತುವೆ ನಾನು ಅಂದುಕೊಂಡಿದ್ದೆ. ಆದರೆ ಬರಬರುತ್ತ ರಾಜತಂತ್ರದ ಮಾತು ಕಡಿಮೆಯಾಗಿ ಬೇರೆ ಮಾತು ನುಸುಳಿತು. ಒಂದು ಭಾನುವಾರ ಮಾದೇವಣ್ಣ, ಆಸ್ಟ್ರಿಯಾ ಮೇಲೆ ಕಣ್ಣಿಟ್ಟುಕೊಂಡೇ, "ಕೈಸರ್ ಮಗಳ್ದು ಪಿಯುಸಿ ರಿಸಲ್ಟ್ ಬಂತಂತಾ ಕೇಳು" ಅಂದರು. ನಾನು ಗಂಭೀರವಾಗಿ ಕೇಳಿದೆ. ರುದ್ರಣ್ಣ ರೇಖಾ ಕಡೆ ತಿರುಗಿ, "ಫಸ್ಟ್ ಕ್ಲಾಸ್ ಅಂತ ಹೇಳವ್ವ" ಅಂದರು. "ಸಂತೋಷ ಅಂತ ಹೇಳಪ್ಪ." "ಆಯ್ತು ಅಂತ ಹೇಳವ್ವ." ಮೂರು ಮಾತಿನ ಸುದ್ದಿಗೆ ಎರಡು ಸಾಮ್ರಾಜ್ಯಗಳ ರಾಯಭಾರ.

ಆಟದಲ್ಲೂ ಇವರ ನಡುವೆ ಒಂದು ಪಟ್ಟಿ ನೆಲವಿತ್ತು. ಹಿಂದಿನ ಯುದ್ಧದಲ್ಲಿ ರಷ್ಯಾ ಪೋಲೆಂಡಿನಿಂದ ಸಮುದ್ರದ ತನಕ ಒಂದು ಪಟ್ಟಿ ಕಿತ್ತುಕೊಂಡಿದ್ದರಿಂದ ಜರ್ಮನಿಯ ಪೂರ್ವದ ತುಂಡು ಆಚೆ ಉಳಿದುಬಿಟ್ಟಿತ್ತು. ಜರ್ಮನಿಯ ರೈಲುಗಳು ಆ ಪಟ್ಟಿ ದಾಟಿ ಹೋಗುತ್ತಿದ್ದವು. ಊರಲ್ಲಿ ಗೇಟಿಗೆ ಬೀಗ ಬಿದ್ದ ವಾರವೇ ಝಾರ್ ಆ ರೈಲನ್ನೂ ನಿಲ್ಲಿಸಿದ. ನಾನು ಅದಕ್ಕೆ ದೊಡ್ಡ ದೊಡ್ಡ ಸೈನಿಕ ಕಾರಣಗಳನ್ನು ಗ್ರೂಪಿನಲ್ಲಿ ಬರೆದಿದ್ದೆ. ಇಮ್ರಾನ್ ಕೆಳಗೆ ಒಂದು ಬೀಗದ ಚಿತ್ರ ಹಾಕಿದ್ದ.

ಈಗ ನನ್ನ ಕೆಲಸ ಹೋದ ವಿಷಯಕ್ಕೆ ಬರುತ್ತೇನೆ.

ಒಂದು ಶುಕ್ರವಾರ ರೇಖಾ ಬಸ್ಸಿಳಿದು ನೇರ ನನ್ನ ಅಂಗಡಿಗೆ ಬಂದಳು. ಕುದುರೆ ಬೊಂಬೆಗಳ ಮಧ್ಯೆ ಸ್ಟೂಲ್ ಎಳೆದುಕೊಂಡು ಕೂತಳು.

"ರುದ್ರಣ್ಣನ ಹುಳ ನಾಲ್ಕನೇ ಜ್ವರ ಏಳೋದ್ರಲ್ಲಿವೆಯಂತೆ ಕಣೋ. ಭಾಗ್ಯಕ್ಕ ಫೋನ್ ಮಾಡಿ ಅತ್ಬಿಟ್ರು." ಭಾಗ್ಯಕ್ಕ ಅಂದರೆ ರುದ್ರಣ್ಣನ ಹೆಂಡತಿ.

ಹುಳ ಸಾಕದವರಿಗೆ ಹೇಳುತ್ತೇನೆ. ರೇಷ್ಮೆಹುಳ ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಬಿಡುತ್ತದೆ, ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳ ಗೂಡು ಕಟ್ಟುವ ಮುಂಚೆ ಒಂದು ವಾರ ತಿನ್ನುವುದೇ ತಿನ್ನುವುದು. ಆ ವಾರ ಸೊಪ್ಪು ಸಾಲದಿದ್ದರೆ ಬೆಳೆ ಪೂರ್ತಿ ಹೋಯಿತು. ಬೀಗ ಬಿದ್ದ ಮೇಲೆ ರುದ್ರಣ್ಣ, ಭಾಗ್ಯಕ್ಕ ಸೊಪ್ಪನ್ನು ಕೆರೆ ಏರಿ ಮೇಲೆ ತಲೆಹೊರೆಯಲ್ಲಿ ತರುತ್ತಿದ್ದರಂತೆ. ಹಿಂದಿನ ರಾತ್ರಿಯ ಮಳೆಗೆ ಏರಿ ಕುಸಿದಿತ್ತು. ಇನ್ನು ಊರು ಸುತ್ತಿಕೊಂಡು ಹೊತ್ತು ತರಬೇಕು, ಹಾಗೆ ತಂದ ಸೊಪ್ಪು ಆ ಹೊಟ್ಟೆಗಳಿಗೆ ಸಾಲುವುದಿಲ್ಲ.

"ಮಾದೇವಣ್ಣನ್ನ ಕೇಳಿದ್ರೆ ಗೇಟ್ ತೆಗೀತಾರಲ್ಲ?" ಅಂದೆ.

"ಕೇಳಿದ್ರೆ ತಾನೆ? ಹುಳನ ಬೇಕಾದ್ರೆ ಕೆರೆಗೆ ಸುರೀತೀನಿ, ಅವ್ನ ಮುಂದೆ ಬಾಯ್ ಬಿಡಲ್ಲ ಅಂತಾರಂತೆ ರುದ್ರಣ್ಣ."

ನಾನು ಅಲ್ಲಿಂದಲೇ ಝಾರ್ ದೊರೆಗೆ ಫೋನ್ ಹಚ್ಚಿ, ಹವಾಮಾನ ವಿಚಾರಿಸಿ, ಸುತ್ತಿ ಬಳಸಿ ದಾರಿಯ ಮಾತೆತ್ತಿದೆ.

"ದಾರಿ ಬೇಕಾದೋನ್ಗೆ ಬಾಯಿಲ್ವೇನಪ್ಪ? ಬಂದು ಕೇಳ್ಲಿ. ಕೇಳ್ದಲೆ ಬೀಗ ತೆಗುದ್ರೆ ಊರೋರು ಏನಂದಾರು? ಮಾದೇವ ಬಗ್ಗೋದ ಅಂತಾರೆ."

"ಹಂಗಾದ್ರೆ ಕೇಳಿದ್ರೆ ತೆಗೀತೀರಾ ಅಣ್ಣ?"

"ನೋಡಾನ."

ಹುಳಕ್ಕೆ ಜಗಳ ಗೊತ್ತಿಲ್ಲ, ಹಸಿವು ಗೊತ್ತು. ಭಾನುವಾರದ ಆಟಕ್ಕೆ ಉಳಿದದ್ದು ಎರಡು ದಿನ. ನಾನೂ ರೇಖಾನೂ ಅಲ್ಲೇ ಕೂತು ಒಂದು ಒಪ್ಪಂದದ ಕರಡು ಮಾಡಿದೆವು. ಆಟದಲ್ಲಿ ಆ ಪಟ್ಟಿ ನೆಲದ ರೈಲು ಮತ್ತೆ ಓಡಬೇಕು. ಜರ್ಮನಿ ಕೇಳಿತು ಅಂತ ಇರಬಾರದು, ರಷ್ಯಾ ಕೊಟ್ಟಿತು ಅಂತಲೂ ಇರಬಾರದು, ಎರಡೂ ದೇಶಗಳು ಒಂದೇ ಉಸಿರಿನಲ್ಲಿ ತಮ್ಮ ತಮ್ಮ ಸಂತೋಷದಿಂದ ಘೋಷಿಸಬೇಕು. ಭೂಪಟದ ಮೇಲೆ ಕೈ ಒಮ್ಮೆ ಸಡಿಲವಾದರೆ ಬೀಗದ ಮೇಲೂ ಸಡಿಲವಾದೀತು ಅನ್ನುವ ಆಸೆ. ರೇಖಾ ಸೊಗಸಾಗಿ ಹೇಳುತ್ತ ಹೋದಳು. ಟೈಪ್ ಮಾಡುವ ಭಾರ ನನ್ನದು. ಗಿರಾಕಿಗಳು ಬರುತ್ತಿದ್ದರು, ಬೊಂಬೆಗೆ ರೇಟು ಹೇಳುತ್ತ, ತಲೆ ತುಂಬ ಹಸಿದ ಹುಳ ತುಂಬಿಕೊಂಡು, ಟೈಪ್ ಮಾಡಿದೆ. ಇನ್ನೊಂದು ಸಲ ಓದಿ ನೋಡಲಿಲ್ಲ. ಅಂಥ ದೊಡ್ಡ ರಾಜತಂತ್ರಜ್ಞ ತನ್ನ ಬರಹವನ್ನು ತಾನೇ ಯಾಕೆ ಓದಬೇಕು?

ಭಾನುವಾರ ಎಲ್ಲರೂ ಬಂದು ಕೂತರು. ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಫೋನ್ ನೋಡಿ ಓದಿದೆ. ಒಂದನೇ ಕಲಮು ಚೆನ್ನಾಗಿ ಹೋಯಿತು. ಮಾದೇವಣ್ಣ ಗಲ್ಲ ಕೆರೆದುಕೊಂಡರು, ರುದ್ರಣ್ಣ ಫ್ಯಾನು ನೋಡುತ್ತಿದ್ದರು. ಬೇಡ ಅಂತ ಇಬ್ಬರೂ ಅನ್ನಲಿಲ್ಲ. ಹುರುಪಿನಲ್ಲಿ ಎರಡನೆಯದಕ್ಕೆ ಬಂದೆ.

"ಜರ್ಮನ್ ಸಾಮ್ರಾಜ್ಯದ ಟೆಂಪೋ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಗೇಟಿನ ಮೂಲಕ ಸೊಪ್ಪು ಸಾಗಿಸತಕ್ಕದ್ದು. ನೀರಿನ ಪೈಪಿನ ಮೇಲೆ ಹಲಗೆ ಹಾಕಿಕೊಂಡು ನಿಧಾನವಾಗಿ ದಾಟತಕ್ಕದ್ದು."

ಪೂರ್ತಿ, ಗಟ್ಟಿಯಾಗಿ, ಕೈ ಬೀಸಿ ಓದಿದೆ. ಇಮ್ರಾನ್ ಬಾಯಿಗೆ ಟವೆಲ್ ಒತ್ತಿಕೊಂಡದ್ದು ನೋಡಿದ ಮೇಲೇ ನಾನು ಓದಿದ್ದು ನನಗೆ ಕೇಳಿಸಿದ್ದು. ರೇಖಾ ಕಣ್ಣು ಮುಚ್ಚಿಕೊಂಡಿದ್ದಳು.

ಮಾದೇವಣ್ಣ ಎದ್ದರು. "ಏನ್ಲಾ ಇದು? ನನ್ ತೋಟನ ಪೋಲೆಂಡ್ ಅನ್ಕಂಡಿದ್ದೀಯೇನ್ಲಾ?"

ರುದ್ರಣ್ಣ ಮುಖ ಕೆಂಪಗೆ ಮಾಡಿಕೊಂಡು ರೇಖಾ ಮೇಲೆ ಹೋದರು. "ಏನವ್ವ, ದಾರಿ ಕೊಡಿ ಅಂತ ನಾನ್ ಯಾವಾಗವ್ವ ಬೇಡ್ಕಂಡೆ?"

"ನೀವ್ ಕೇಳ್ಲಿಲ್ಲ ಅಣ್ಣ. ಭಾಗ್ಯಕ್ಕ ಅಳ್ತಿದ್ರು" ಅಂದಳು ರೇಖಾ.

ಮಾದೇವಣ್ಣ ಆಗಲೇ ಮೆಟ್ಟಿಲ ಹತ್ತಿರ ಹೋಗಿದ್ದರು. ಒಂದು ಕಾಲು ಕೆಳಗಿಟ್ಟವರು ಹಾಗೇ ನಿಂತರು. ಮುಖ ತಿರುಗಿಸಲಿಲ್ಲ. "ಎಷ್ಟನೇ ಜ್ವರ?"

ಈ ಸಲ 'ಕೈಸರ್‌ನ ಕೇಳಪ್ಪ' ಅಂತ ಇರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ರುದ್ರಣ್ಣನ ದನಿ ಬಂತು. "ನಾಲ್ಕು. ನಿನ್ನೆ ಎದ್ದವೆ."

"ಸೊಪ್ಪು?"

"ಬೆಳಗ್ಗೆದ್ದು ಆಗೋಯ್ತು. ಸಂಜಿಕಿಲ್ಲ."

ಈಗ ಮಾದೇವಣ್ಣ ಪೂರ್ತಿ ತಿರುಗಿದರು. "ನಾಲ್ಕನೇ ಜ್ವರ ಎದ್ದಿರೋ ಹುಳನ ಹಸ್ಕಂಡಿರಕ್ಕೆ ಬುಟ್ಟು, ಇಲ್ಲಿ ಕುಂತ್ಕಂಡು ಬರ್ಲಿನ್ ಆಳ್ತಿದ್ದೀಯೇನ್ಲಾ ಮುಟ್ಠಾಳ?"

"ನೀನ್ ಬೀಗ ಹಾಕ್ಕಂಡ್ ಕುಂತಿದ್ರೆ ನಾನೇನ್ ಹಾರ್ಕಂಡ್ ಹೋಗ್ಲಾ?"

"ಬಾಯ್ ಬುಟ್ಟು ಒಂದ್ ಮಾತು ಹೇಳಕ್ಕೇನಾಗಿತ್ತು?"

"ಪೈಪ್ ಒಡ್ದಿದ್ದು ನಾನಲ್ಲ."

"ಅದ್ನ ದಾರೀಲಿ ಹೇಳು. ಏಳು, ಏಳ್ಲಾ ಮೇಲಕ್ಕೆ."

ಕಿಟಕಿಯಿಂದ ನೋಡಿದೆವು. ಮಾದೇವಣ್ಣನ ಬೈಕು, ಹಿಂದೆ ರುದ್ರಣ್ಣ. ತಿರುವು ದಾಟುವ ತನಕ ಇಬ್ಬರೂ ಒಟ್ಟಿಗೇ ಕೂಗಾಡುತ್ತಿದ್ದರು, ಯಾರ ಮಾತೂ ಯಾರಿಗೂ ಕೇಳಿಸಿರಲಾರದು. ರುದ್ರಣ್ಣನ ಬೈಕು ಇಮ್ರಾನ್‌ನ ಬಾಗಿಲಲ್ಲೇ ಉಳಿಯಿತು.

ಸಂಜೆ ನನಗೆ ಒಂದು ವಾಯ್ಸ್ ಮೆಸೇಜ್ ಬಂತು. ಮಾದೇವಣ್ಣನ ದನಿ. "ಮಧು, ಸೊಪ್ಪು ಬಂತು ಕಣಪ್ಪ. ತಿಂತಾ ಅವೆ, ಕೇಳುಸ್ಕ." ಆಮೇಲೆ ಫೋನನ್ನು ಹುಳದ ತಟ್ಟೆಯ ಹತ್ತಿರ ಹಿಡಿದಿರಬೇಕು, ಸೋನೆ ಹಿಡಿದಂಥ ಸದ್ದು ಸ್ವಲ್ಪ ಹೊತ್ತು. ಹಿಂದೆ ಎಲ್ಲೋ ಭಾಗ್ಯಕ್ಕ ಟೀಗೆ ಕರೆಯುತ್ತಿದ್ದರು. ಬಿರುದು, ಬಹುಮಾನ, ಇನ್ನೇನೋ ಬರುತ್ತದೆ ಅಂತ ಕಾದೆ. ಬಂತು. "ನಾಲ್ಕ್ ಜನದ ಮುಂದೆ ನನ್ ಗೇಟು ಬೀಗನೆಲ್ಲ ಓದ್ಬುಟ್ಟೆ. ಯಾವ್ ದೊರೆ ತಾನೆ ಸಹಿಸ್ತಾನೆ? ಮುಂದಿನ ವಾರದಿಂದ ಮಂತ್ರಿ ಕೆಲ್ಸಕ್ಕೆ ನೀನ್ ಬ್ಯಾಡ." ಈ ಸಲ ನೋಡಾನ ಅನ್ನಲಿಲ್ಲ.

ರೇಖಾಗೂ ಅದೇ ಸಂಜೆ ಬರ್ಲಿನ್ನಿಂದ ವಜಾ ಆದೇಶ ಬಂದಿತ್ತು. ಅವಳದ್ದರಲ್ಲಿ ಹುಳದ 'ಹು' ಕೂಡ ಇರಲಿಲ್ಲ, ನನಗಾದರೂ ಸೋನೆ ಮಳೆ ಇತ್ತು ಅಂತ ಸ್ವಲ್ಪ ಜಂಬ ಕೊಚ್ಚಿಕೊಂಡೆ.

ಮುಂದಿನ ಭಾನುವಾರ ಅಧಿಕಾರ ಹಸ್ತಾಂತರಕ್ಕೆ ಹೋದೆ. ಹಸ್ತಾಂತರಿಸಲು ಏನೂ ಇರಲಿಲ್ಲ, ಆದರೂ ಶರ್ಟಿಗೆ ಇಸ್ತ್ರಿ ಮಾಡಿಸಿದ್ದೆ. ಝಾರ್ ಮತ್ತು ಕೈಸರ್ ಒಂದೇ ಚಾಪೆಯ ಮೇಲೆ ಮೊಣಕಾಲು ತಾಗಿಸಿ ಕೂತಿದ್ದರು. ಪೈಪಿನ ವಿಚಾರ ಇನ್ನೂ ಇತ್ಯರ್ಥವಾಗಿರಲಿಲ್ಲ, ಅದನ್ನೂ ಯುರೋಪನ್ನೂ ಸೇರಿಸಿಕೊಂಡು ಜಗಳವಾಡುತ್ತಿದ್ದರು. ಕೆಳಗೆ ಲೇತು ನಿಂತಿದ್ದರಿಂದ ಅದು ಬೀದಿಯ ತನಕ ಕೇಳಿಸುತ್ತಿತ್ತು.

"ಆ ಪೂರ್ವದ ತುಂಡಲ್ಲಿರೋ ಬಂದರು ನಂಗ್ ಬುಟ್ಕೊಡು, ರೈಲು ಬುಡ್ತೀನಿ" ಅಂದರು ಮಾದೇವಣ್ಣ.

ಅಭ್ಯಾಸ ನೋಡಿ, ನನಗೇ ಗೊತ್ತಿಲ್ಲದೆ ಎದ್ದು ನಿಂತಿದ್ದೆ. ರುದ್ರಣ್ಣನ ಕಡೆಗೆ ಬಗ್ಗಿ, "ಕೈಸರ್ ಅವರೇ, ನಮ್ಮ ಚಕ್ರವರ್ತಿಗಳು ಹೇಳೋದೇನಂದ್ರೆ" ಅಂತ ಶುರು ಮಾಡಿದೆ.

ರುದ್ರಣ್ಣ ನನ್ನ ಮುಖ ಕೂಡ ನೋಡಲಿಲ್ಲ. "ಕೇಳುಸ್ತು ಕುಂತ್ಕಳಪ್ಪ," ಅಂದರು, "ಪಕ್ಕದಲ್ಲೇ ಕುಂತವ್ನಲ್ಲ."